ಸ್ಟಡ್ ಮೇಲಿನ ವಿಭೂತಿ

ಎಂಜಿನ್ನಿಗೆ ಯಾರಾದರೂ ವಿಭೂತಿ ಹಚ್ಚುತ್ತಾರಾ? ಬಾನೆಟ್ಟಿಗೆ ಹಚ್ಚುತ್ತಾರೆ, ಸ್ಟೇರಿಂಗಿಗೆ ಹಚ್ಚುತ್ತಾರೆ. ನಾನು ಈಚೆಗೆ ಒಂದು ಸೋಮವಾರ ಬಾನೆಟ್ ಎತ್ತಿ ಎಂಜಿನ್ ಹೆಡ್ಡಿಗೇ ಹಚ್ಚಿದೆ. ಭಕ್ತಿಯಿಂದಲ್ಲ. ಸೋರುತ್ತಿದ್ದ ನೀರು ಮುಚ್ಚಲು!

ತೆಲಿಗಿಯ ನನ್ನ ಅಕ್ಕನ ಮನೆಯಲ್ಲಿ ಒಂದು ಹಳೇ ಜೀಪಿದೆ. ವಯಸ್ಸಿದ್ದಾಗ ಅವಳೇ ಓಡಿಸುತ್ತಿದ್ದಳು. (ಆಗ ಊರಿಗೆ ಊರೇ ಬಾಯಿಬಿಟ್ಟು ನೋಡುತ್ತಿತ್ತು.) ಕೆಟ್ಟು ಕೂತಿದ್ದ ಅದನ್ನು ಮತ್ತೆ ತಾನೇ ಓಡಿಸಿಕೊಂಡು ಬಾಗಳಿ ಕಲ್ಲೇಶ್ವರನಿಗೆ ಹೋಗಬೇಕೆಂಬುದು ಅವಳ ಆಸೆ. ಹಳೇ ಎಂಜಿನ್ ಬಿಚ್ಚಿ ಕಟ್ಟುವ ಹುಚ್ಚು ನನ್ನದು, ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಒಪ್ಪಿಕೊಂಡೆ.

ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಹಿಡಿದಿಡುವ ಉದ್ದನೆಯ ಬೋಲ್ಟುಗಳೇ ಸ್ಟಡ್. ಈ ಜೀಪಿನಲ್ಲಿ ಅವುಗಳ ತೂತು ಕೆಳಗೆ ಎಂಜಿನ್ ತಣಿಸುವ ನೀರು ಹರಿಯುವ ಜಾಗಕ್ಕೇ ತೆರೆದುಕೊಳ್ಳುತ್ತದೆ. ಥ್ರೆಡ್ಡಿನ, ಅಂದರೆ ತಿರುಪು ಗೆರೆಗಳ, ಎಣ್ಣೆ ಜಿಡ್ಡನ್ನೆಲ್ಲ ತೊಳೆದು, ಸಂದು ಮುಚ್ಚುವ ಸೀಲಂಟ್ ಅಂಟು ಹಚ್ಚಿ, ಒಂದು ರಾತ್ರಿ ಒಣಗಲು ಬಿಡಬೇಕು. ಇಲ್ಲದಿದ್ದರೆ ನೀರು ಥ್ರೆಡ್ ಹಿಡಿದು ಮೇಲೆ ಹತ್ತುತ್ತದೆ. ನನಗಿದು ಗೊತ್ತಿತ್ತು. ಆದರೆ ಅಕ್ಕ ಕಲ್ಲೇಶ್ವರನಿಗೆ ಹೊರಡಲು ಗೊತ್ತುಮಾಡಿದ್ದ ಸೋಮವಾರ ತಪ್ಪಬಾರದಲ್ಲ? ಒರೆಸಿದ ಶಾಸ್ತ್ರ ಮಾಡಿ, ಸೀಲಂಟ್ ಹಸಿಯಿರುವಾಗಲೇ ನೀರು ತುಂಬಿ ಸ್ಟಾರ್ಟ್ ಮಾಡಿದೆ.

ಸ್ಟಡ್ ಬುಡದಲ್ಲಿ ನೀರು ಜಿನುಗತೊಡಗಿತು. ಅಷ್ಟರಲ್ಲಿ ಅಕ್ಕ ಆರತಿ ಹಿಡಿದು ಬಂದಳು. ಮಡ್‌ಗಾರ್ಡ್ ಮೇಲೆ ಪೂಜೆಗಿಟ್ಟಿದ್ದ ವಿಭೂತಿ ತೆಗೆದು ದಪ್ಪಗೆ ಮೂರು ಪಟ್ಟೆ ಎಳೆದೆ. ಮೇಲೊಂದು ಚೆಂಡು ಹೂವನ್ನೂ ಇಟ್ಟೆ.

"ಎಂಜಿನ್ನಿಗೂ ವಿಭೂತಿ ಹಚ್ಚೀಯೇನಲೇ ತಮ್ಮಾ? ಎಷ್ಟ್ ಭಕ್ತಿ ಐತಿ ನಿನಗ!" ಅಕ್ಕ ಕೈಮುಗಿದಳು.

ಹರಪನಹಳ್ಳಿ ದಾಟುವುದರೊಳಗೆ ಬಾನೆಟ್ಟಿನಿಂದ ಹಬೆ ಎದ್ದಿತು. ನೀರೆಲ್ಲ ಸೋರಿ, ಎಂಜಿನ್ ಕಾದು, ಜೀಪು ನಡುರಸ್ತೆಯಲ್ಲಿ ನಿಂತಿತು. ಸ್ಟೇರಿಂಗ್ ಹಿಡಿದಿದ್ದ ಅಕ್ಕನ ಮುಖ ಸಣ್ಣದಾಯಿತು.

"ಗೇರ್ ಹಾಕಾದು ಮರ್ತೀನೇನೋ. ನನ್ನಿಂದನ ಕೆಡ್ತೇನಲೇ?"

ಇಲ್ಲ ಅನ್ನಬೇಕಿತ್ತು. ಆದರೆ ಆಟೋದವರು, ಬೈಕಿನವರು ಸುತ್ತ ನೆರೆದಿದ್ದರು. ಅವರೆದುರು ನನ್ನ ಮರ್ಯಾದೆ ಏನಾಗಬೇಕು?

"ಇರಬೌದಕ್ಕಾ, ರೂಢಿ ತಪ್ಪೇತಲ್ಲ" ಅಂದುಬಿಟ್ಟೆ. ಥೂ!

ಅಕ್ಕ ಕೀ ನನ್ನ ಕೈಗಿಟ್ಟು ಪಕ್ಕದ ಸೀಟಿಗೆ ಸರಿದಳು.

ಹೆಡ್ ಮತ್ತೆ ಬಿಚ್ಚಿ, ಸ್ಟಡ್ ಒಂದೊಂದನ್ನೂ ತೊಳೆದು, ಸೀಲಂಟ್ ಹಚ್ಚಿ ಕಟ್ಟಿ, ಈ ಸಲ ಅದು ಪೂರ್ತಿ ಒಣಗಿದ ಮೇಲೆಯೇ ನೀರು ತುಂಬಿದ್ದೇನೆ. ಒಂದು ಹನಿ ಸೋರುತ್ತಿಲ್ಲ. ಆದರೆ ಅಕ್ಕ ಜೀಪಿನ ಹತ್ತಿರ ಸುಳಿಯುತ್ತಿಲ್ಲ. "ನೀನ ಓಡ್ಸಪ್ಪ, ನನಗ ವಯಸ್ಸಾತು" ಅನ್ನುತ್ತಾಳೆ. ವಯಸ್ಸಿನ ಮಾತನ್ನು ಅವಳ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಎದುರು ನಿಂತು ನಿಜ ಹೇಳಲು ನಾಚಿಕೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಇದೂ ಹೇಡಿತನವೇ, ಗೊತ್ತು.

ಅಕ್ಕಾ, ಈ ಅಂಕಣವನ್ನು ವಾರವಾರ ತಪ್ಪದೆ ಓದುವವಳು ನೀನು. ಇದನ್ನೂ ಓದಿದ ಮೇಲೆ, ಕೀ ತಂದುಕೊಟ್ಟರೆ ಇಸಕೊಳ್ತೀಯಾ?