ಕಾಂತಿ ಹೇಳದೆ ಉಳಿಸಿಕೊಂಡದ್ದು

ಉಜಿರೆಯ ಒಂದು ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಕಾಂತಿ ಹದಿನೆಂಟು ವರ್ಷ ಅಟೆಂಡರ್ ಆಗಿದ್ದಳು. ಉಪನ್ಯಾಸಕ ಜಯೇಶನ ಸಂಶೋಧನೆಗೆ ಬೇಕಾದ ಬಿಳಿ ಪುಡಿ ಮಾಡುತ್ತಿದ್ದವಳು ಅವಳೇ. ನೋಡಲಿಕ್ಕೆ ರಂಗೋಲಿ ಹುಡಿ. ಆದರೆ ಕಣಕಣದಲ್ಲೂ ಕಣ್ಣಿಗೆ ಕಾಣದ ತೂತುಗಳು. ಅವುಗಳಲ್ಲಿ ಮದ್ದು ತುಂಬಿಸಿದರೆ ಪುಡಿ ಅದನ್ನು ಮೈಯೊಳಗೆ ಒಂದೇ ಸಲ ಸುರಿಯದೆ, ಬೇಕಾದಲ್ಲಿ ಸ್ವಲ್ಪ ಸ್ವಲ್ಪವೇ ಬಿಡಬೇಕು. ಅದು ಜಯೇಶನ ಕನಸು.

ಸಾಬೂನಿನಂಥ ಒಂದು ವಸ್ತುವಿನ ಸುತ್ತ ಪುಡಿ ಕಟ್ಟಿಕೊಳ್ಳುತ್ತದೆ. ಕುಲುಮೆಯಲ್ಲಿ ಆ ವಸ್ತುವನ್ನು ಸುಟ್ಟುಹಾಕಿದರೆ ಅದಿದ್ದ ಜಾಗವೇ ತೂತು. ಐನೂರೈವತ್ತು ಡಿಗ್ರಿ, ಆರು ಗಂಟೆ ಎಂದು ಜಯೇಶನ ಪುಸ್ತಕದಲ್ಲಿತ್ತು. ಆ ಬಿಸಿಗೆ ಏರುವ ದಾರಿ ಬರೆದಿರಲಿಲ್ಲ. ಅವಸರಪಟ್ಟರೆ ತೂತುಗಳು ಕುಸಿಯುತ್ತವೆಂದು ಎರಡು ವರ್ಷ ಪುಡಿ ಹಾಳುಮಾಡಿ ಕಂಡುಕೊಂಡವಳು ಕಾಂತಿ. ಕುಲುಮೆಯ ಮುಂದೆ ನಿಂತು, ಐದೈದು ನಿಮಿಷಕ್ಕೆ ಹತ್ತು ಹತ್ತು ಡಿಗ್ರಿ ಏರಿಸುತ್ತಿದ್ದಳು.

"ಪೇಪರಿನಲ್ಲಿ ನಿಮ್ಮ ಹೆಸರೂ ಹಾಕ್ತೇನೆ ಕಾಂತಕ್ಕ" ಎಂದಿದ್ದ ಜಯೇಶ.

೨೦೦೬ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಪೇಪರ್ ಬಂತು. ಅವಳ ಹೆಸರಿರಲಿಲ್ಲ. "ಅಟೆಂಡರ್ ಹೆಸರು ಯಾರಾದರೂ ಹಾಕ್ತಾರಾ ಮಾರಾಯ!" ಎಂದು ಅವನು ಸ್ಟಾಫ್‌ರೂಮಿನಲ್ಲಿ ನಕ್ಕದ್ದು ಬಾಗಿಲಾಚೆ ನಿಂತಿದ್ದ ಅವಳಿಗೆ ಕೇಳಿತು. ಆ ತಿಂಗಳೇ ಕೆಲಸ ಬಿಟ್ಟು ಶಿರ್ತಾಡಿಯ ಮನೆ ಸೇರಿದಳು. ಹತ್ತು ಡಿಗ್ರಿಯ ಮಾತನ್ನು ಯಾರಿಗೂ ಹೇಳಲಿಲ್ಲ.

ಇಬ್ಬರೂ ಜೈನರು. ಪರಸ್ಪರ ಕ್ಷಮೆ ಕೇಳುವ ಕ್ಷಮಾವಳಿಯ ದಿನಕ್ಕೆ ವರ್ಷವರ್ಷವೂ ಅವನಿಂದ ಅಚ್ಚುಹಾಕಿಸಿದ ಕಾರ್ಡು ಬರುತ್ತಿತ್ತು: 'ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ.' ಅದರಿಂದಲೇ ಬಚ್ಚಲ ಒಲೆಗೆ ಬೆಂಕಿ ಹಚ್ಚುತ್ತಿದ್ದಳು.

ಮೂರನೆಯ ವರ್ಷ ಆ ದಿನ ಕಾರ್ಡಿನ ಬದಲು ಅವನೇ ಬಂದ.

"ಪುಡಿಯಲ್ಲಿ ಮದ್ದು ನಿಲ್ಲುವುದೇ ಇಲ್ಲ ಕಾಂತಕ್ಕ. ನೀವು ಎಂತ ಮಾಡ್ತಿದ್ದಿರಿ?"

"ಕ್ಷಮೆ ಕೇಳಲಿಕ್ಕೆ ಬಂದದ್ದಾ ಸರ್, ಪುಡಿ ಕೇಳಲಿಕ್ಕಾ?"

"ಎರಡಕ್ಕೂ ಅಂತ ಇಟ್ಟುಕೊಳ್ಳಿ." ಕೈಮುಗಿದ. "ತಿಳಿದೋ ತಿಳಿಯದೆಯೋ..."

"ತಿಳಿದು ಮಾಡಿದ್ದು ಯಾವುದು? ಅದನ್ನು ಹೇಳಿ."

ಜಯೇಶ ಅಂಗಳದತ್ತ ನೋಡಿದ. "ಹಳೆಯದೆಲ್ಲ ಈಗ ಯಾಕೆ? ರೋಗಿಗಳಿಗೆ ಉಪಕಾರ ಆಗುವ ಕೆಲಸ ಅಲ್ವಾ?"

ಅವಳ ಮನಸ್ಸು ಒಂದು ಗಳಿಗೆ ಅಲುಗಿತು. ಪೇಪರಿನಲ್ಲಿ ತನ್ನ ಹೆಸರು ಬಿಟ್ಟದ್ದನ್ನು ಅವನು ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು. ಆ ಹೊತ್ತಿಗೇ ಎಲ್ಲ ಹೇಳಿಬಿಡುತ್ತಿದ್ದಳು. ಕಾದಳು. ಅವನು ವಾಚು ನೋಡಿಕೊಂಡ.

"ಕ್ಷಮಿಸಿದ್ದೇನೆ" ಎಂದಳು, ಆ ದಿನದ ಮರ್ಯಾದೆಗೆ.

"ಮತ್ತೆ ಪುಡಿ?"

"ಅಟೆಂಡರಿಗೆ ಎಂತ ಗೊತ್ತುಂಟು ಸರ್?"

ಅವನು ಗೇಟು ದಾಟುವವರೆಗೂ ನೋಡಿದಳು. ಆಮೇಲೆ, ಜೈನರ ಮನೆಯ ರೂಢಿಯಂತೆ, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಗಂಟಿದ ಕಣ್ಣಿಗೆ ಕಾಣದ ಜೀವಗಳಿಗೆ ನೋವಾಗದಂತೆ ಬಟ್ಟೆಯನ್ನು ತಿರುವಿ, ಅವನ್ನು ಮೆಲ್ಲನೆ ಬಾವಿಯ ನೀರಿಗೇ ಬಿಟ್ಟಳು.