ಮಂಡಿ ನೋಡುವ ಸಾಹೇಬರು
ಸರ್ಕಾರಿ ಶಾಲೆಗಳಿಗೆ ಆಟದ ಸಾಮಾನಿಗೆಂದು ಕೊಟ್ಟ ದುಡ್ಡು ಏನಾಯಿತೆಂದು ನೋಡಲು ಆಡಿಟರ್ ಸಕ್ಲೇನ್ ಸಾಹೇಬರು ಶಿವಾಜಿನಗರದಲ್ಲಿ ಸ್ಕೂಟರ್ ಏರಿದರೆಂದರೆ, ಅತ್ತ ಕೆ.ಆರ್. ಪುರದವರೆಗೂ ಪಿ.ಟಿ. ಮೇಷ್ಟ್ರುಗಳ ಎದೆ ಡವಡವ ಅನ್ನುತ್ತದೆ. ಖರೀದಿಯ ಬಿಲ್ಲು ತೋರಿಸಿದರೆ "ಇದ್ರಲ್ಲಿ ಆಡಕ್ಕಾಗತ್ತೇನ್ರೀ?" ಎಂದು ಪಕ್ಕಕ್ಕಿಡುತ್ತಾರೆ. ಸ್ಕಿಪ್ಪಿಂಗ್ ಹಗ್ಗ ಕೊಟ್ಟರೆ ಬೂಟು ಬಿಚ್ಚಿ, ಹೊಟ್ಟೆಯ ಸಮೇತ ತಾವೇ ಹಾರಿ ನೋಡುತ್ತಾರೆ. ಕಳೆದುಹೋದೀತೆಂದು ಬೀರುವಿನಲ್ಲಿ ಬೀಗ ಹಾಕಿಟ್ಟ ಫುಟ್‌ಬಾಲ್ ಫಳಫಳ ಹೊಳೆಯುತ್ತಿದ್ದರಂತೂ ಮುಗಿಯಿತು: "ಯಾಕ್ರೀ ಸವೆದಿಲ್ಲ ಇದು? ಬಾಲ್ ಇರೋದು ಒದಿಯಕ್ಕೋ, ಪೂಜೆ ಮಾಡಕ್ಕೋ?" ಈ ಗುಟ್ಟು ತಿಳಿದ ಮೇಷ್ಟ್ರುಗಳು ಸಾಹೇಬರು ಬರುವ ಸುದ್ದಿ ಸಿಕ್ಕೊಡನೆ ಹೊಸ ಚೆಂಡಿಗೆ ಕೆಸರು ಬಳಿದು, ಗೋಡೆಗೆ ಉಜ್ಜಿ ಇಡತೊಡಗಿದರು. ಅವರು ಚಾಪೆಯ ಕೆಳಗೆ ತೂರಿದರೆ ಸಾಹೇಬರು ರಂಗೋಲಿಯ ಕೆಳಗೇ ತೂರುವವರು. ಈಗ ಚೆಂಡನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮಂಡಿ ನೋಡುತ್ತಾರೆ. "ಬಾಲ್‌ಗೆ ಕೆಸರು ಬಳೀಬೋದು ಮೇಷ್ಟ್ರೇ, ಮಂಡಿಗೆ ತರಚು ಗಾಯ ಬಳಿಯಕ್ಕಾಗಲ್ಲ!" ಒಂದು ಗಾಯ ಕಂಡರೆ "ಶಾಬಾಶ್" ಎಂದು ಬೆನ್ನು ತಟ್ಟುತ್ತಾರೆ. ಎಲ್ಲ ಮಂಡಿಗಳೂ ನುಣ್ಣಗಿದ್ದರೆ ಬೀರುವಿನ ಬೀಗ ತೆಗೆಸಿ, ಒಳಗಿದ್ದ ಚೆಂಡುಗಳನ್ನೆಲ್ಲ ತಾವೇ ಬಯಲಿಗೆ ಒದೆಯುತ್ತಾರೆ. ಮೊನ್ನೆ ಹಲಸೂರಿನ ಒಂದು ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಬುಷ್ರಾ, "ಸರ್, ನಿಮ್ ಮಂಡಿ ತೋರ್ಸಿ" ಅಂದುಬಿಟ್ಟಳು. ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು. ಸಾಹೇಬರು ಪ್ಯಾಂಟು ಮೇಲಕ್ಕೆ ಮಡಿಸಿದರು. ರಿಟೈರ್ ಆಗುವ ವಯಸ್ಸಿನ ಮಂಡಿ. ಒಂದು ಗೀರೂ ಇರಲಿಲ್ಲ. "ನಮ್ ಸ್ಕೂಲಲ್ಲೂ ಬಾಲ್ ಇತ್ತು ಬೇಟಾ," ಎಂದರು, "ಬೀರು ಒಳಗೆ."