ಒಂದು ಹಿಡಿ ರಾಗಿ ಕೋಳಿಗೆ

ನನ್ನ ಸೊಸೆಯ ಹಿಟ್ಟಿನ ಮಿಲ್ ಓಡದೆ ಹೋದದ್ದು ಅವಳಿಗೆ ವ್ಯಾಪಾರ ಬಾರದ್ದಕ್ಕಲ್ಲ. ನಮ್ಮ ಕೇರಿಯ ಹಿಟ್ಟು ತಮ್ಮ ಹಿಟ್ಟಿಗೆ ತಾಗಬಾರದೆಂದು ಊರಿನವರು ಬರಲಿಲ್ಲ, ಅಷ್ಟೆ. ಯಾರು ಬೇರೆ ಕಾರಣ ಹೇಳಿದರೂ ನಾನು ಒಪ್ಪುವುದಿಲ್ಲ.

ಹ್ಯಾಂಡ್‌ಪೋಸ್ಟ್ ಊರಿನ ಕೇಂದ್ರದಲ್ಲಿ ಮಿಲ್ ನಡೆಸುವ ತರಬೇತಿ ಮುಗಿಸಿ, ಸರ್ಕಾರದ ಸಾಲ ತಂದು, ಅವಳು ರಸ್ತೆಬದಿಯಲ್ಲೇ ಮಿಲ್ ಹಾಕಿದಳು. ಊರಿನ ದೊಡ್ಡವರೆಲ್ಲ ಬಂದು ಟೇಪು ಕತ್ತರಿಸಿ ಫೋಟೊ ತೆಗೆಸಿಕೊಂಡರು. ಆದರೆ ಅವರ ಮನೆಯ ರಾಗಿ ಮಾತ್ರ ನಮ್ಮ ಮಿಲ್ ಮುಂದೆಯೇ ಹಾದು ಪಕ್ಕದ ಊರಿನ ಮಿಲ್‌ಗೆ ಹೋಯಿತು.

ಅಲ್ಲಿ ಮಿಷನ್ ಕೆಟ್ಟ ದಿನ ಊರಿನ ಒಬ್ಬಾಕೆ ಬಂದಳು. ಅವಳ ಗದ್ದೆಯಲ್ಲಿ ನಾನು ವರ್ಷವರ್ಷವೂ ನಾಟಿ ಹಾಕಿದವಳು. ಚೀಲವನ್ನು ಬಾಗಿಲಾಚೆಯೇ ಇಟ್ಟು ಸೊಸೆಗೆ ಹೇಳಿದಳು: "ಅಮ್ಮಿ, ಮೊದ್ಲು ಒಂದಿಡಿ ರಾಗಿ ಆಕಿ ಕಲ್ಲು ಓಡ್ಸು. ಆ ಹಿಟ್ಟ ಕೋಳಿಗಾಕ್ಬುಡು. ಆಮೇಲೆ ನಮ್ದು ಬೀಸು."

"ಯಾಕ್ರವ್ವಾ, ಕಲ್ಲಿಗೆ ಏನ್ ವಿಸ ಅಂಟ್ಕೊಂಡದೆ?" ಅಂದೆ ನಾನು.

"ನಂಗೇನಿಲ್ಲ ಕಣಜ್ಜಿ. ನಮ್ಮತ್ತೆ ಸುಮ್ಕಿರಕಿಲ್ಲ."

"ಅಂಗಾರೆ ನಾನ್ ನಾಟಿ ಆಕಿದ್ ಭತ್ತಾನೂ ನಿಮ್ಮತ್ತೆ ಕೋಳಿಗೇ ಆಕುದ್ರಾ?"

ಅವಳು ಮುಖ ತಿರುಗಿಸಿದಳು. ಸೊಸೆ ನಮ್ಮ ರಾಗಿಯನ್ನೇ ಒಂದು ಹಿಡಿ ಬೀಸಿ ಕೋಳಿಗಳಿಗೆ ಎರಚಿದಳು. ನನಗೆ ಮೈಯೆಲ್ಲ ಉರಿಯಿತು.

ಅದೇ ವಾರ ತರಬೇತಿ ಕೊಟ್ಟ ಸಾಹೇಬರು ನೋಡಲು ಬಂದರು. ನಡೆದದ್ದನ್ನು ಕೇಳಿಕೊಂಡು, "ಬಿಸಿನೆಸ್ ಅಂದ್ರೆ ಹೊಂದಾಣಿಕೆ, ಅಜ್ಜಿ. ಊರಿನವರೊಬ್ಬರನ್ನ ಸಂಬಳಕ್ಕಿಟ್ಟು ಮುಂದೆ ಕೂರಿಸಿ. ಬೋರ್ಡಿಂದ ನಿಮ್ಮ ಸೊಸೆ ಹೆಸರು ತೆಗೀರಿ. ಅವರು ಒಳಗಿರ್ಲಿ," ಅಂದರು.

ಸೊಸೆ ಹೂಂ ಎಂದು ತಲೆ ಆಡಿಸಿದಳು. "ಮುಚ್ಚೋದ್ಕಿಂತ ವಾಸಿ ಅಲ್ವಾ ಅತ್ತೆ?"

"ನಿನ್ ಮಿಲ್ಲಲ್ಲಿ ನೀನೇ ಕೂಲಿಯೋಳಾಗ್ತೀಯಾ? ಕೂಲಿ ಮಾಡಕ್ಕೆ ತರಬೇತಿ ಯಾಕ್ ಬೇಕಿತ್ತು? ನಂಗ್ಯಾರೂ ಕೊಟ್ಟಿರ್ನಿಲ್ಲ!" ಎಂದು ಇಬ್ಬರ ಮೇಲೂ ರೇಗಿದೆ.

ಸಾಹೇಬರು ಫೋನ್ ನೋಡುತ್ತ ಕೂತರು.

"ಮತ್ತೆ ಯಾರ್ ರಾಗಿ ಬೀಸ್ಲಿ, ನೀವೇ ಯೋಳಿ," ಅಂದಳು ಸೊಸೆ. ಅವಳ ಕಣ್ಣಲ್ಲಿ ನೀರಿತ್ತು.

ಮಾರನೆಯ ಬೆಳಿಗ್ಗೆ ಕಾಡಂಚಿನಲ್ಲಿ ಆದಿವಾಸಿಗಳಿರುವ ಹಾಡಿಗೆ ನಡೆದೆ. ಅಲ್ಲಿಯವರು ಮಿಲ್‌ಗೆಂದು ಹೊರೆ ಹೊತ್ತು ದೂರ ಹೋಗಬೇಕಿತ್ತು. ಮೊದಲ ಗುಡಿಸಲ ಮುಂದೆ ನಿಂತು, "ರಾಗಿ ಕೊಡವ್ವಾ, ನಾವೇ ಬೀಸಿ ತಂದ್ಕೊಡ್ತೀವಿ," ಅಂದೆ. ಆಕೆ ನನ್ನನ್ನೊಮ್ಮೆ ನೋಡಿ ಒಳಗಿನಿಂದ ಚೀಲ ತಂದಳು. ತಲೆಯ ಮೇಲೆ ಹೊತ್ತುಕೊಂಡು ಪಕ್ಕದ ಗುಡಿಸಲಿಗೆ ಹೋದೆ.